ಮೂರು ತಿಂಗಳ ಸೂಜಿ: ತೋಳು ಚಾಚುವ ಮೊದಲು

ಕಾಪರ್ ಟಿ ಒಗ್ಗದಿದ್ದರೆ ತೆಗೆಸಿಬಿಡಬಹುದು. ಮಾತ್ರೆ ಆಗಿಬರದಿದ್ದರೆ ನಾಳೆಯಿಂದ ನುಂಗದೆ ಇರಬಹುದು. ಆದರೆ ಮೂರು ತಿಂಗಳಿಗೊಮ್ಮೆ ಚುಚ್ಚುವ ಸೂಜಿಯ ಮದ್ದು ಮೈಗೆ ಸೇರಿತೆಂದರೆ ಸೇರಿತು. ಎಂಥ ದೊಡ್ಡ ಡಾಕ್ಟರರಾದರೂ ಅದನ್ನು ಹಿಂದಕ್ಕೆ ತೆಗೆಯಲಾರರು. ಅದರ ಶಕ್ತಿ ಇಳಿಯುವ ತನಕ ಕಾಯಲೇಬೇಕು. ಆದ್ದರಿಂದ ಕೇಳುವ ಪ್ರಶ್ನೆಗಳನ್ನೆಲ್ಲ ಸೂಜಿಗೆ ಮೊದಲೇ ಕೇಳಬೇಕು, ಆಮೇಲೆ ಅಲ್ಲ. ಇದನ್ನು ನಮ್ಮ ಸಿದ್ಧಕಟ್ಟೆಯ ಸುತ್ತಿನ ಸೋದರಿಯರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ಮದ್ದಿನ ಹೆಸರು ನಾಲಿಗೆ ಹೊರಳದಷ್ಟು ಉದ್ದ, ಮೆಡ್ರಾಕ್ಸಿಪ್ರೊಜೆಸ್ಟಿರೋನ್ ಅಸಿಟೇಟ್. ಚುಟುಕಾಗಿ ಡಿ.ಎಂ.ಪಿ.ಎ. ಎನ್ನುತ್ತಾರೆ. ಖಾಸಗಿ ಡಾಕ್ಟರರ ಬಳಿ ಡೆಪೊ ಪ್ರೊವೆರಾ ಎಂದು 1990ರ ದಶಕದಿಂದಲೇ ಉಂಟು. ಕೇಂದ್ರ ಸರಕಾರ 2017ರಲ್ಲಿ ‘ಅಂತರಾ’ ಎಂಬ ಹೆಸರಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಕ್ಕೆ ಕೊಡಲು ಪ್ರಾರಂಭಿಸಿತು. ಒಂದು ಸಲಕ್ಕೆ 150 ಮಿಲಿಗ್ರಾಂ, ತೋಳಿಗೋ ಸೊಂಟದ ಕೆಳಗೋ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿನೀರಿನ ಶಾಖ ಕೊಡಬಾರದು. ಹಾಗೆ ಮಾಡಿದರೆ ಮೂರು ತಿಂಗಳು ನಿಧಾನವಾಗಿ ಇಳಿಯಬೇಕಾದ ಮದ್ದು ಬೇಗನೆ ಕರಗಿಹೋಗುತ್ತದೆ. ಹೊತ್ತಿಗೆ ಸರಿಯಾಗಿ ಹಾಕಿಸಿಕೊಂಡರೆ ಗರ್ಭ ನಿಲ್ಲುವುದು ಸಾವಿರದಲ್ಲಿ ಒಬ್ಬಿಬ್ಬರಿಗೆ ಮಾತ್ರ. ಮೊಲೆ ಹಾಲಿಗೂ ತೊಂದರೆ ಇಲ್ಲ. ಬಾಣಂತಿಯರಿಗೆ ಆರು ವಾರ ಕಳೆದ ಮೇಲೆ ಕೊಡುತ್ತಾರೆ. ಇಷ್ಟು ಒಳ್ಳೆಯ ಮಾತು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಸೂಜಿ ಕೆಟ್ಟದ್ದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ.

ರಗಳೆ ಶುರುವಾಗುವುದು ಮುಟ್ಟಿನಲ್ಲಿ. ಈ ಸೂಜಿ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮುಟ್ಟಿನ ಲೆಕ್ಕ ತಪ್ಪುತ್ತದೆ. ಮೊದಲ ಮೂರಾರು ತಿಂಗಳು ಕೆಲವರಿಗೆ ದಿನಾ ಸ್ವಲ್ಪ ಸ್ವಲ್ಪ ಕಲೆ, ಕೆಲವರಿಗೆ ಹದಿನೈದು ದಿನವಾದರೂ ನಿಲ್ಲದ ಸ್ರಾವ. ಮುಂದೆ ಹೋಗುತ್ತಾ ಮುಟ್ಟೇ ನಿಂತುಹೋಗುತ್ತದೆ. ಒಂದು ವರ್ಷ ತೆಗೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ.

ಪಟ್ಟಣದ ಡಾಕ್ಟರರು ಇದನ್ನು ಸಣ್ಣ ತೊಂದರೆ ಎಂದು ಬರೆಯುತ್ತಾರೆ. ನಮ್ಮ ಮನೆಗಳಲ್ಲಿ ಇದು ಸಣ್ಣದೇ? ಮುಟ್ಟಾದವಳು ದೇವರ ಕೋಣೆಗೆ ಹೋಗುವಂತಿಲ್ಲ. ಕೋಲ, ನೇಮ, ತಂಬಿಲ ಯಾವುದಕ್ಕೂ ಇಲ್ಲ, ನಾಗನ ಕಟ್ಟೆಯ ಹತ್ತಿರವಂತೂ ಸುಳಿಯುವಂತಿಲ್ಲ. ಕೆಲವು ಮನೆಗಳಲ್ಲಿ ಅಡಿಗೆಯೂ ಮುಟ್ಟುವಂತಿಲ್ಲ. ನೆರೆಯ ಮುಸಲ್ಮಾನ ಸೋದರಿಯರಿಗೆ ನಮಾಜು, ಉಪವಾಸದ ಲೆಕ್ಕ ಇದರಿಂದ ಗೊಂದಲವಾಗುತ್ತದೆ. ಮೂರು ದಿನದ ರಜೆಯಾದರೆ ಮನೆಯವರು ಸುಧಾರಿಸುತ್ತಾರೆ. ಇಪ್ಪತ್ತು ದಿನವಾದರೆ ಅತ್ತೆ ಕೇಳದೆ ಇರುತ್ತಾಳೆಯೇ?

ನಮ್ಮ ನೆರೆಕರೆಯ ಒಬ್ಬಾಕೆಗೆ ಹೀಗೇ ಆಯಿತು. ಎರಡು ಮಕ್ಕಳು, ಎರಡನೆಯದು ಇನ್ನೂ ಮೊಲೆ ಬಿಟ್ಟಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ಸೂಜಿ ಹಾಕಿಸಿಕೊಂಡಿದ್ದಳು. ಕಲೆ ನಿಲ್ಲಲಿಲ್ಲ, ಅಷ್ಟರಲ್ಲಿ ನವರಾತ್ರಿ ಬಂತು. ಮನೆಯವರು ಏನೋ ದೋಷ ಎಂದು ಹರಕೆ ಹೇಳಿಕೊಂಡರು. ಪಾಪ, ಅವಳು ಬಾಯಿ ಬಿಡುವಂತಿಲ್ಲ. ಹೆದರಿ ಎರಡನೆಯ ಸೂಜಿಗೆ ಹೋಗಲಿಲ್ಲ, ಬೇರೆ ಉಪಾಯವನ್ನೂ ಮಾಡಲಿಲ್ಲ. ಮುಂದಿನ ಮಳೆಗಾಲಕ್ಕೆ ಪುನಃ ಬಸುರಿ. ಕಲೆ ಕಾಣಬಹುದು, ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ, ಆಗದಿದ್ದರೆ ಬಾ, ಮದ್ದು ಉಂಟು ಎಂದು ಮೊದಲೇ ತಿಳಿದಿದ್ದರೆ ಅವಳು ಹಾಗೆ ಹೆದರುತ್ತಿರಲಿಲ್ಲ. ನಿಜಕ್ಕೂ ಮದ್ದು ಉಂಟು. ಡಾಕ್ಟರರು ಐದು ದಿನದ ಮಾತ್ರೆ ಕೊಟ್ಟು ಹೆಚ್ಚಿನವರ ಸ್ರಾವ ಹತೋಟಿಗೆ ತರುತ್ತಾರೆ. ಆದರೆ ಪೂಜೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ಇದರ ಮೇಲೆ ನುಂಗುವ ಅಭ್ಯಾಸ ಬೇಡ. ಅದೂ ಇದೇ ಜಾತಿಯ ಹಾರ್ಮೋನು.

ಇನ್ನು ಮುಟ್ಟು ನಿಂತವರ ಹೆದರಿಕೆ ಬೇರೆ ತರದ್ದು. “ಕೆಟ್ಟ ರಕ್ತ ಒಳಗೆ ಗಂಟು ಕಟ್ಟುತ್ತದಂತೆ, ತಲೆಗೆ ಏರುತ್ತದಂತೆ” ಎಂದು ಎಷ್ಟು ಜನ ನನ್ನನ್ನು ಕೇಳಿದ್ದಾರೋ! ಅಂಗಳಕ್ಕೆ ಸೆಗಣಿ ದಪ್ಪಕ್ಕೆ ಸಾರಿಸಿದರೆ ತಾನೇ ಒಣಗಿದ ಮೇಲೆ ಹಕ್ಕಳೆ ಎದ್ದು ಬರುವುದು? ಸಾರಣೆ ತೆಳ್ಳಗಿದ್ದರೆ ಏಳುವುದಕ್ಕೆ ಏನಿದೆ? ಈ ಮದ್ದು ಗರ್ಭಕೋಶದ ಒಳಪದರವನ್ನೇ ತೆಳ್ಳಗೆ ಇಡುತ್ತದೆ. ಕಳಚಿ ಬೀಳಲು ಇಲ್ಲ, ಆದ್ದರಿಂದ ಮುಟ್ಟೂ ಇಲ್ಲ. ಒಳಗೆ ಏನೂ ಕೂಡಿಕೊಂಡಿರುವುದಿಲ್ಲ. ರಕ್ತ ಕಡಿಮೆ ಇರುವ ಹೆಂಗಸರಿಗೆ ಇದು ಒಂದು ರೀತಿಯಲ್ಲಿ ಒಳ್ಳೆಯದೇ. ಆದರೆ ದಿನ ತಪ್ಪಿ ಸೂಜಿ ಹಾಕಿಸಿಕೊಂಡವಳಿಗೆ ಮುಟ್ಟು ನಿಂತರೆ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸುವುದು ಕ್ಷೇಮ.

ಹೊಸದಾಗಿ ಮದುವೆಯಾದವರು ಕಿವಿಗೊಟ್ಟು ಕೇಳಬೇಕಾದ್ದು ಇನ್ನೊಂದುಂಟು. ಸೂಜಿ ಬಿಟ್ಟ ಕೂಡಲೇ ಮಗುವಾಗುವುದಿಲ್ಲ. ಕೊನೆಯ ಸೂಜಿ ಹಾಕಿಸಿಕೊಂಡ ದಿನದಿಂದ ಸರಾಸರಿ ಒಂಬತ್ತು ಹತ್ತು ತಿಂಗಳು ಬೇಕು, ಕೆಲವರಿಗೆ ವರ್ಷದ ಮೇಲೂ ಆಗುತ್ತದೆ. ಬಂಜೆತನ ಬರುವುದಿಲ್ಲ, ತಡವಾಗುವುದು ಮಾತ್ರ. ಆದರೆ ಆ ತಡದ ಸಮಯದಲ್ಲಿ ಸೊಸೆಯನ್ನು ಸುತ್ತಮುತ್ತಲಿನವರು ಏನೇನು ಅನ್ನುತ್ತಾರೆಂದು ನಮಗೆ ಗೊತ್ತಿಲ್ಲವೇ? ಒಂದು ವರ್ಷದೊಳಗೆ ಮಗು ಬೇಕೆನ್ನುವವರು ಈ ಸೂಜಿಯ ಗೊಡವೆಗೆ ಹೋಗದೆ ಇರುವುದು ವಾಸಿ.

ತೂಕ ಮೊದಲ ವರ್ಷದಲ್ಲಿ ಎರಡೂವರೆ ಕಿಲೋದಷ್ಟು ಏರಬಹುದು. ತಲೆನೋವು, ಬೇಸರ, ಮನಸ್ಸು ಕುಗ್ಗುವುದು, ಗಂಡನ ಮೇಲೆ ಆಸೆ ಕಡಿಮೆಯಾಗುವುದು ಕೆಲವರಿಗುಂಟು. ಕೊನೆಯದ್ದನ್ನು ಯಾರೂ ಡಾಕ್ಟರರಲ್ಲಿ ಹೇಳುವುದಿಲ್ಲ, ಹೇಳಬೇಕು.

ಎಲುಬಿನ ಸಂಗತಿ ಸ್ವಲ್ಪ ಗಂಭೀರ. ಈ ಮದ್ದು ಹೆಣ್ಣು ಹಾರ್ಮೋನನ್ನು ತಗ್ಗಿಸುವುದರಿಂದ ಎಲುಬಿನ ಸತ್ವ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಮದ್ದಿನ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆ ಸೇರಿಸಿತು. ಬೇರೆ ಉಪಾಯ ಆಗುವಂತಿದ್ದರೆ ಎರಡು ವರ್ಷಕ್ಕಿಂತ ಹೆಚ್ಚು ಬೇಡ ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆ ಅಂಥ ವರ್ಷದ ಗಡುವು ಇಟ್ಟಿಲ್ಲ. 18 ದಾಟದವರು ಮತ್ತು 45 ಕಳೆದವರು ಮಾತ್ರ ಹೆಚ್ಚು ಯೋಚಿಸಬೇಕೆನ್ನುತ್ತದೆ. ಸೂಜಿ ನಿಲ್ಲಿಸಿದ ಮೇಲೆ ಎಲುಬು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ದಿನವಿಡೀ ಬಗ್ಗಿ ಬೀಡಿ ಕಟ್ಟುವ ನಮ್ಮವರಿಗೆ ಸೊಂಟ ಹೇಗೂ ನೋಯುತ್ತಿರುತ್ತದೆ, ಯಾವ ನೋವು ಯಾವುದರದ್ದು ಎಂದು ತಿಳಿಯುವುದಿಲ್ಲ. ನುಗ್ಗೆಸೊಪ್ಪು, ಎಳ್ಳು, ರಾಗಿ, ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನು ಊಟದಲ್ಲಿರಲಿ.

2024ರಲ್ಲಿ ಫ್ರಾನ್ಸ್ ದೇಶದ ಸಂಶೋಧಕರು ಇನ್ನೊಂದನ್ನು ಬೆಳಕಿಗೆ ತಂದರು. ಒಂದು ವರ್ಷಕ್ಕಿಂತ ಹೆಚ್ಚು ಈ ಸೂಜಿ ತೆಗೆದುಕೊಂಡವರಲ್ಲಿ ಮೆದುಳಿನ ಹೊದಿಕೆಯ ಗಡ್ಡೆಗೆ, ಅಂದರೆ ಮೆನಿಂಜಿಯೋಮಕ್ಕೆ, ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಐದು ಪಟ್ಟಿಗೂ ಹೆಚ್ಚು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಗಡ್ಡೆಯೇ ತೀರ ಅಪರೂಪದ್ದು, ಹೆಚ್ಚಾಗಿ ಕ್ಯಾನ್ಸರೂ ಅಲ್ಲ. ಅಪರೂಪದ ಐದು ಪಟ್ಟೂ ಅಪರೂಪವೇ. ಆದರೂ ಬಿಡದ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅಮೃತಾಂಜನ ಹಚ್ಚಿ ಮಲಗಬೇಡಿ.

ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ರಕ್ತದ ಒತ್ತಡ ತುಂಬ ಏರಿದವರು, ಪಾರ್ಶ್ವವಾಯು, ಹೃದಯದ ಕಾಯಿಲೆ ಅಥವಾ ಯಕೃತ್ತಿನ ದೊಡ್ಡ ಕಾಯಿಲೆ ಇದ್ದವರು, ಬಹಳ ವರ್ಷದ ಸಕ್ಕರೆ ಕಾಯಿಲೆಯವರು ಇದನ್ನು ಮೊದಲೇ ತಿಳಿಸಬೇಕು. ಕೇಳದಿದ್ದರೂ ನಾವೇ ಹೇಳಬೇಕು.

ಹೇಳದೆ ಚುಚ್ಚಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಕತೆಯುಂಟು. 1985ರಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ ಇದೇ ಜಾತಿಯ ‘ನೆಟ್-ಎನ್’ ಎಂಬ ಸೂಜಿಯ ಪ್ರಯೋಗ ನಡೆಯಿತು. ಬಂದ ಬಡ ಹೆಂಗಸರಿಗೆ ಅದು ಪ್ರಯೋಗವೆಂದೇ ಗೊತ್ತಿರಲಿಲ್ಲ. ಸ್ತ್ರೀಶಕ್ತಿ ಸಂಘಟನೆಯ ಮಹಿಳೆಯರು ಹೋಗಿ ವಿಷಯ ತಿಳಿಸಿದಾಗ ಅನೇಕರು ಬೇಡವೆಂದರು. ಮರುವರ್ಷ ಅವರೂ ದೆಹಲಿಯ ಸಹೇಲಿ ಸಂಘದವರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಬೆಂಗಳೂರು, ಮೈಸೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ತೊಡಗಿತ್ತು. ಅಲ್ಲಿ ಕೊಟ್ಟದ್ದು ಸಲಹೆ ಎಂಬುದನ್ನು ಗಮನಿಸಿ. (ಗಂಡಸರ ಆಪರೇಶನ್ ಎಲ್ಲಕ್ಕಿಂತ ಸುಲಭವಂತೆ. ಅದರ ಮಾತೆತ್ತಿದರೆ ನಮ್ಮ ಊರಿನ ಗಂಡಸರಿಗೆ ತಟ್ಟನೆ ತೋಟದ ಕೆಲಸ ನೆನಪಾಗುತ್ತದೆ.)

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಉಂಟು. ಮಾಮೂಲಿನ ಎರಡು ಪಟ್ಟು ರಕ್ತ ಹೋದರೆ, ಅಥವಾ ಎಂಟು ದಿನ ದಾಟಿಯೂ ಜೋರಾಗಿ ಹೋಗುತ್ತಿದ್ದರೆ, ಕೆಳಹೊಟ್ಟೆ ತಡೆಯಲಾಗದಷ್ಟು ನೋಯುತ್ತಿದ್ದರೆ, ಕಣ್ಣು ಹಳದಿಯಾದರೆ, ಮೀನಖಂಡ ಊದಿ ಉಸಿರು ಕಟ್ಟಿದರೆ, ಎದೆಯಲ್ಲಿ ಗಂಟು ಸಿಕ್ಕಿದರೆ, ಸೂಜಿಯ ಜಾಗ ಕೆಂಪಾಗಿ ಕೀವು ತುಂಬಿದರೆ. ನಮಗೆ ಬಂಟ್ವಾಳ, ಮೂಡಬಿದ್ರೆ ಹತ್ತಿರ. ಅಲ್ಲಾಗದಿದ್ದರೆ ಮಂಗಳೂರಿನ ಲೇಡಿಗೋಶನ್.

ಸೂಜಿಯ ದಿನ ಬರೆದ ಒಂದು ಕಾರ್ಡು ಕೊಡುತ್ತಾರೆ. ಹೇಳಿದ ದಿನಕ್ಕಿಂತ ಎರಡು ವಾರ ಮೊದಲೂ ಹೋಗಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಅದೂ ದಾಟಿದರೆ ಬಸುರಿಯಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದಿನ ಸೂಜಿ. ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಸೀರೆಯಡಿ ಅಡಗಿಸಿಟ್ಟರೆ ಮರೆತೇ ಹೋಗುತ್ತದೆ. ಬೀಡಿ ಲೆಕ್ಕದ ಪುಸ್ತಕದೊಳಗೆ ಇಡಿ. ಅದನ್ನು ಹೇಗೂ ವಾರಕ್ಕೆ ನಾಲ್ಕು ಸಲ ತೆರೆಯುತ್ತೀರಿ, ಮನೆಯಲ್ಲಿ ಬೇರೆ ಯಾರೂ ಅದನ್ನು ಬಿಡಿಸಿ ನೋಡುವುದಿಲ್ಲ.