ಮನೆಯಂಗಳದ ಹೆಲಿಕಾಪ್ಟರ್: ಆನಂದವೂ ಎಚ್ಚರವೂ

ಆಕಾಶದಲ್ಲಿ ಏನಾದರೂ ಹಾರುವುದನ್ನು ಕಂಡೊಡನೆ ತಲೆಯೆತ್ತಿ ನೋಡುವುದು ಮನುಷ್ಯನ ಸಹಜ ಸ್ವಭಾವ. ಅದರಲ್ಲಿಯೂ ಬೆಂಗಳೂರಿನ ಮಕ್ಕಳಿಗೆ ಹಾರಾಟವೆಂಬುದು ದೂರದ ಮಾತಲ್ಲ. 1940ರಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿದುದು ಇದೇ ಊರಿನಲ್ಲಿ. ನಮ್ಮವರೇ ರೂಪಿಸಿದ ಧ್ರುವ್ ಹೆಲಿಕಾಪ್ಟರ್ 1992ರಲ್ಲಿ ಮೊದಲ ಬಾರಿಗೆ ನೆಲ ಬಿಟ್ಟು ಮೇಲೆದ್ದುದೂ ಇಲ್ಲಿಯೇ. 1996ರಲ್ಲಿ ಆರಂಭವಾದ ಯಲಹಂಕದ ವೈಮಾನಿಕ ಪ್ರದರ್ಶನವನ್ನು ಕಂಡು ಬಂದ ಹುಡುಗನು ಮನೆಗೆ ಮರಳಿದ ಮೇಲೆ ತಂದೆಯ ಬಳಿ ಕೇಳುವ ಮೊದಲ ವಸ್ತುವೆಂದರೆ ರೇಡಿಯೋ ನಿಯಂತ್ರಣದ ಪುಟ್ಟ ಹೆಲಿಕಾಪ್ಟರ್. ಹುಟ್ಟುಹಬ್ಬಕ್ಕೋ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದುದಕ್ಕೋ ಅದು ಮನೆಗೆ ಬರುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮನೆಗಳ ತಾರಸಿಗಳ ಮೇಲೆ ಸಂಜೆಯ ಹೊತ್ತು ಇಂಥ ಯಂತ್ರಗಳ ಗುಂಯ್‌ಗುಟ್ಟುವಿಕೆ ಕೇಳಿಬರುವುದು ಈಗ ಹೊಸ ಸಂಗತಿಯಲ್ಲ.

ಈ ಹವ್ಯಾಸವು ಕೆಟ್ಟದ್ದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೈ, ಕಣ್ಣು, ಮನಸ್ಸು ಮೂರನ್ನೂ ಒಂದೆಡೆ ನಿಲ್ಲಿಸುವ ಆಟಗಳು ವಿರಳ, ಇದು ಅಂಥವುಗಳಲ್ಲೊಂದು. ಗಾಳಿಯ ಗುಣ, ಯಂತ್ರದ ತೂಕ, ವಿದ್ಯುತ್ತಿನ ನಡೆ ಇವೆಲ್ಲವನ್ನೂ ಮಗುವು ಪುಸ್ತಕವಿಲ್ಲದೆ ಕಲಿಯುತ್ತದೆ. ಆದರೆ ಈ ಆಟಕ್ಕೆ ಮನೆಮಂದಿಯೆಲ್ಲ ಪ್ರೇಕ್ಷಕರಾಗಿ ಸುತ್ತ ನೆರೆಯುತ್ತಾರೆ. ಅಜ್ಜಿ ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಲ್ಲುತ್ತಾಳೆ. ತಂಗಿಯು ಅಣ್ಣನ ಪಕ್ಕದಲ್ಲಿಯೇ ಕುಣಿಯುತ್ತಾಳೆ. ಅಪಾಯವಿರುವುದು ಇಲ್ಲಿಯೇ. ಪ್ರೀತಿಯು ಜನರನ್ನು ಹತ್ತಿರಕ್ಕೆ ಕರೆಯುತ್ತದೆ. ಈ ಯಂತ್ರವಾದರೋ ಅಂತರವನ್ನು ಬೇಡುತ್ತದೆ. ಇವೆರಡರ ನಡುವೆ ವಿವೇಕವನ್ನು ಕಾಯುವುದು ಹಿರಿಯರ ಹೊಣೆ.

ಎರಡು ದುರ್ಘಟನೆಗಳು

2013ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಉದ್ಯಾನವೊಂದರಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬ ತನ್ನದೇ ದೊಡ್ಡ ಮಾದರಿ ಹೆಲಿಕಾಪ್ಟರನ್ನು ಹಾರಿಸುತ್ತಿದ್ದಾಗ, ಅದರ ರೆಕ್ಕೆ ತಲೆಗೆ ಬಡಿದು ಸ್ಥಳದಲ್ಲಿಯೇ ಅಸುನೀಗಿದನು. ಅವನೇನೂ ಹೊಸಬನಲ್ಲ, ಕೈಚಳಕದ ಹಾರಾಟದಲ್ಲಿ ಪಳಗಿದವನು.

2015ರಲ್ಲಿ ಇಂಗ್ಲೆಂಡಿನ ವೂಸ್ಟರ್‌ಷೈರ್ ಪ್ರಾಂತದಲ್ಲಿ ನಡೆದುದು ಇನ್ನಷ್ಟು ಕರುಣಾಜನಕವಾದ ಸಂಗತಿ. ಕುಟುಂಬದ ಸ್ನೇಹಿತರೊಬ್ಬರು ಮನೆಯ ಮುಂದಿನ ಅಂಗಳದಲ್ಲಿ ನಾಲ್ಕು ಪಂಖಗಳ ಡ್ರೋನನ್ನು ಹಾರಿಸುತ್ತಿದ್ದರು. ಅವರಿಗೂ ಅಭ್ಯಾಸವಿತ್ತು. ಅದನ್ನು ಕೆಳಗಿಳಿಸುವಾಗ ಮರಕ್ಕೆ ತಗುಲಿ ದಿಕ್ಕು ತಪ್ಪಿದ ಯಂತ್ರವು ಒಂದೂವರೆ ವರ್ಷದ ಮಗುವಿನ ಮುಖಕ್ಕೆ ಬಡಿಯಿತು. ಆ ಮಗು ಒಂದು ಕಣ್ಣನ್ನು ಕಳೆದುಕೊಂಡಿತು.

ಈ ಎರಡು ಘಟನೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಸತ್ಯವು ಸ್ಪಷ್ಟವಾಗುತ್ತದೆ. ಹಾರಿಸುವವರ ನೈಪುಣ್ಯವು ರಕ್ಷಣೆಯಲ್ಲ. ಅವರು ನಮ್ಮವರೆಂಬುದೂ ರಕ್ಷಣೆಯಲ್ಲ. ಯಂತ್ರಕ್ಕೆ ಸ್ವಪರವೆಂಬ ಭೇದ ತಿಳಿಯದು. ಕಾಪಾಡುವುದು ದೂರವೊಂದೇ.

ಆಟಿಕೆಯೋ ಯಂತ್ರವೋ?

ಅಂಗಡಿಯಲ್ಲಿ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೂ ಇವುಗಳಲ್ಲಿ ಎರಡು ಜಾತಿಗಳಿವೆ. ಮೊದಲನೆಯದು ಅಂಗೈಯಗಲದ, ಐವತ್ತು ಗ್ರಾಂ ಆಸುಪಾಸು ತೂಗುವ, ಬಾಗುವ ಪ್ಲಾಸ್ಟಿಕ್ ರೆಕ್ಕೆಗಳ ಆಟಿಕೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳು ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಅದು ತಾನಾಗಿಯೇ ಸ್ಥಿರವಾಗಿ ನಿಲ್ಲುತ್ತದೆ. ಗೋಡೆಗೆ ತಗುಲಿದರೆ ಬೀಳುತ್ತದೆ, ಅಷ್ಟೆ. ಕಣ್ಣಿಗೆ ತಗುಲದಂತೆ ನೋಡಿಕೊಂಡರೆ ನಡುಮನೆಯಲ್ಲಿಯೂ ಆಡಬಹುದು.

ಎರಡನೆಯದು ಹವ್ಯಾಸಿಗಳ ಹೆಲಿಕಾಪ್ಟರ್. ಕಾರ್ಬನ್ ನಾರಿನ ಗಟ್ಟಿ ರೆಕ್ಕೆಗಳು, ಬಲವಾದ ಮೋಟಾರು, ಒಂದರಿಂದ ನಾಲ್ಕೈದು ಕಿಲೋ ತೂಕ. ಇದರ ಬಲವನ್ನು ಅರಿಯಲು ನಮ್ಮ ಮನೆಯ ಸೀಲಿಂಗ್ ಫ್ಯಾನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ಕು ಅಡಿಯ ಫ್ಯಾನು ನಿಮಿಷಕ್ಕೆ ಸುಮಾರು 350 ಸುತ್ತು ತಿರುಗಿದರೆ ಅದರ ರೆಕ್ಕೆಯ ತುದಿಯು ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಚಲಿಸುತ್ತದೆ. ಹೆಚ್ಚು ಕಡಿಮೆ ಅಷ್ಟೇ ಅಗಲದ, ಎಂದರೆ 1.35 ಮೀಟರ್ ವ್ಯಾಸದ ಮಾದರಿ ಹೆಲಿಕಾಪ್ಟರಿನ ರೆಕ್ಕೆಗಳು ನಿಮಿಷಕ್ಕೆ 2000 ಸುತ್ತು ತಿರುಗುತ್ತವೆ. ಆಗ ತುದಿಯ ವೇಗವು ಗಂಟೆಗೆ ಸುಮಾರು 500 ಕಿಲೋಮೀಟರ್! ಫ್ಯಾನಿನ ಆರು ಪಟ್ಟು. ಪೆಟ್ಟಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸಿ ಏರುವುದರಿಂದ, ಅದೇ ತೂಕದ ರೆಕ್ಕೆಯು ಆರು ಪಟ್ಟು ವೇಗದಲ್ಲಿ ಬಡಿದರೆ ಪೆಟ್ಟು ಮೂವತ್ತಾರು ಪಟ್ಟಾಗುತ್ತದೆ. ತಿರುಗುವ ಫ್ಯಾನಿಗೆ ಕೈಯೊಡ್ಡಲು ಅಂಜುವ ನಾವು ಇದರ ಬಳಿ ನಗುನಗುತ್ತ ನಿಲ್ಲುವುದು ಎಂಥ ವಿಪರ್ಯಾಸ!

ಫ್ಯಾನಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸವುಂಟು. ಫ್ಯಾನು ಕೊಂಡಿಗೆ ತೂಗುಬಿದ್ದು ಅಲ್ಲಿಯೇ ಇರುತ್ತದೆ. ಹೆಲಿಕಾಪ್ಟರಾದರೋ ಮೇಲಕ್ಕೂ ಕೆಳಕ್ಕೂ ಪಕ್ಕಕ್ಕೂ ಹಿಂದಕ್ಕೂ ಕ್ಷಣಮಾತ್ರದಲ್ಲಿ ನುಗ್ಗಬಲ್ಲದು. ಒಂದು ತಿರುಪು ಸಡಿಲವಾದರೆ, ಸಂಕೇತವು ಕಡಿದುಹೋದರೆ, ಅಥವಾ ಮೂತಿ ತನ್ನತ್ತ ತಿರುಗಿದಾಗ ಹಾರಿಸುವವನಿಗೆ ಎಡಬಲಗಳು ಅದಲುಬದಲಾದಂತೆ ತೋರಿದರೆ, ಸರಿಪಡಿಸಲು ಅವಕಾಶವೇ ಉಳಿಯುವುದಿಲ್ಲ.

ನಮ್ಮ ಬಡಾವಣೆಗಳ ಲೆಕ್ಕ

ದೊಡ್ಡ ಮಾದರಿಯನ್ನು ಹಾರಿಸುವಾಗ ನೋಡುಗರು ಕನಿಷ್ಠ ನೂರು ಅಡಿ ದೂರದಲ್ಲಿರಬೇಕೆಂಬುದು ನಮ್ಮ ಸಲಹೆ. ನಮ್ಮ ಬಡಾವಣೆಗಳ ಸಾಮಾನ್ಯ ನಿವೇಶನವಾದರೋ ಮೂವತ್ತು ನಲವತ್ತರದು. ಮನೆಯ ತಾರಸಿಯ ಈ ತುದಿಯಿಂದ ಆ ತುದಿಗೆ ನಲವತ್ತು ಅಡಿಯೂ ಇಲ್ಲ. ಅದರಲ್ಲಿಯೂ ನೀರಿನ ಟ್ಯಾಂಕು, ಸೌರ ಹೀಟರು, ಬಟ್ಟೆ ಒಣಗಿಸುವ ತಂತಿ. ಪಕ್ಕದಲ್ಲಿ ತೆಂಗಿನ ಮರ, ಬೀದಿಯಲ್ಲಿ ವಿದ್ಯುತ್ ತಂತಿ, ಕೇಬಲ್ಲುಗಳ ಜಾಲ. ಇಂಗ್ಲೆಂಡಿನಲ್ಲಿ ಯಂತ್ರದ ದಿಕ್ಕು ತಪ್ಪಿಸಲು ಒಂದು ಮರ ಸಾಕಾಯಿತು. ನಮ್ಮಲ್ಲಿ ಅಂಥ ಅಡ್ಡಿಗಳು ಹೆಜ್ಜೆಗೊಂದು. ಲೆಕ್ಕವು ತಾನಾಗಿಯೇ ಉತ್ತರ ಹೇಳುತ್ತದೆ: ಗಟ್ಟಿ ರೆಕ್ಕೆಯ ಹೆಲಿಕಾಪ್ಟರಿಗೆ ನಮ್ಮ ತಾರಸಿ, ಅಂಗಳ, ಬೀದಿ ಯಾವುದೂ ಯೋಗ್ಯವಲ್ಲ.

ತಾರಸಿಗೆ ಇನ್ನೊಂದು ಕೇಡಿದೆ. ಯಂತ್ರವನ್ನು ನೋಡುತ್ತ ಹಿಂದೆ ಹಿಂದೆ ಸರಿಯುವವನಿಗೆ ಮೋಟುಗೋಡೆಯ ನೆನಪಿರುವುದಿಲ್ಲ. ಆಷಾಢದಲ್ಲಿ ಗಾಳಿಪಟ ಹಾರಿಸುವ ಹುಡುಗರು ತಾರಸಿಯಿಂದ ಬೀಳುವ ಭಯವನ್ನು ನಮ್ಮ ಹಿರಿಯರು ಬಲ್ಲರು. ಅದೇ ಭಯ ಇಲ್ಲಿಯೂ ಉಂಟು. ಯಂತ್ರವು ವಿದ್ಯುತ್ ತಂತಿಗೋ ಟ್ರಾನ್ಸ್‌ಫಾರ್ಮರಿಗೋ ಸಿಕ್ಕಿಕೊಂಡರೆ ಕೋಲಿನಿಂದ ಬಿಡಿಸಲು ಯಾರೂ ಹೋಗಕೂಡದು. ವಿದ್ಯುತ್ ಸರಬರಾಜು ಕಂಪನಿಯವರಿಗೆ ತಿಳಿಸಿ ಕಾಯಬೇಕು. ಅವರು ಬರುವ ಮೊದಲೇ ಅದು ಹಾಳಾದರೆ ಆಗಲಿ. ಮೆಟ್ರೋ ಮಾರ್ಗದ ಬಳಿ ಹಾರಿಸುವ ವಿಚಾರವನ್ನು ಮನಸ್ಸಿಗೇ ತರಬಾರದು.

ಹಾಗಾದರೆ ಎಲ್ಲಿ? ಊರಿನ ಹೊರಗೆ, ಕೆಂಗೇರಿಯಾಚೆ ಅಥವಾ ಮಾಗಡಿ ರಸ್ತೆಯ ಕಡೆ, ಒಡೆಯರ ಒಪ್ಪಿಗೆ ಪಡೆದ ತೆರೆದ ಹೊಲದಲ್ಲಿ, ದನಕರು ಜನರಿಲ್ಲದ ಹೊತ್ತಿನಲ್ಲಿ. ಬೆಳಗಿನ ಜಾವದ ನಿಶ್ಚಲ ಗಾಳಿಯು ಎಲ್ಲಕ್ಕಿಂತ ಪ್ರಶಸ್ತ.

ಕಾನೂನನ್ನೂ ಮರೆಯುವಂತಿಲ್ಲ. 2021ರ ಡ್ರೋನ್ ನಿಯಮಗಳು ಮಾನವರಹಿತ ಹೆಲಿಕಾಪ್ಟರುಗಳಿಗೂ ಅನ್ವಯಿಸುತ್ತವೆ. ಅವು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿಯೂ 400 ಅಡಿಗಿಂತ ಮೇಲೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ವಿಮಾನ ನಿಲ್ದಾಣಗಳ ಸಮೀಪದಲ್ಲಿ ಈ ಮಿತಿ ಇನ್ನೂ ಕಡಿಮೆ. 250 ಗ್ರಾಂ ಮೀರದ ಯಂತ್ರಕ್ಕೆ ಚಾಲಕ ಪರವಾನಿಗೆ ಬೇಡವೆಂಬುದು ನಿಜ. ಆದರೆ ಪರವಾನಿಗೆ ಬೇಡವೆಂದರೆ ಎಲ್ಲಿ ಬೇಕಾದರಲ್ಲಿ ಹಾರಿಸಬಹುದೆಂದು ಅರ್ಥವಲ್ಲ. ಜಕ್ಕೂರು, ಯಲಹಂಕ, ಎಚ್.ಎ.ಎಲ್. ನೆಲೆಗಳಿರುವ ಈ ನಗರದಲ್ಲಿ ಸರ್ಕಾರದ ವಾಯುವಲಯ ನಕ್ಷೆಯನ್ನು ನೋಡಿಯೇ ಸ್ಥಳವನ್ನು ಆರಿಸಬೇಕು.

ಹಾರಿಸುವ ಕ್ರಮ

ಪೂಜೆಗೆ ಒಂದು ಕ್ರಮವಿರುವಂತೆ ಯಂತ್ರಕ್ಕೂ ಒಂದು ಕ್ರಮವಿದೆ. ಅದನ್ನು ಒಂದು ದಿನವೂ ಮುರಿಯಬಾರದು.

1. ಮೊದಲು ರೆಕ್ಕೆ, ತಿರುಪು, ಬಾಲದ ಭಾಗಗಳನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಆ ರೆಕ್ಕೆಯನ್ನು ಎಸೆಯಬೇಕು. ಅಂಟು ಹಾಕಿ ಬಳಸುವುದು ಉಳಿತಾಯವಲ್ಲ.

2. ವೇಗದ ಸನ್ನೆಯನ್ನು ಸೊನ್ನೆಗಿಳಿಸಿ, ಮೊದಲು ಕೈಯಲ್ಲಿರುವ ನಿಯಂತ್ರಕವನ್ನು, ಬಳಿಕ ಯಂತ್ರದ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಇದಕ್ಕೆ ವಿರುದ್ಧ: ಮೊದಲು ಯಂತ್ರ, ಕಡೆಗೆ ನಿಯಂತ್ರಕ. ಈ ಕ್ರಮ ತಪ್ಪಿದರೆ ಯಂತ್ರವು ಹೇಳದೆ ಕೇಳದೆ ತಿರುಗತೊಡಗುವ ಸಂಭವವುಂಟು.

3. ನೋಡುವವರೆಲ್ಲರೂ ಹಾರಿಸುವವನ ಬೆನ್ನ ಹಿಂದೆ, ಗೆರೆಯೊಂದರ ಆಚೆ ನಿಲ್ಲಬೇಕು. ನೆಲದ ಮೇಲೆ ಸುಣ್ಣದಿಂದ ಆ ಗೆರೆಯನ್ನು ಎಳೆಯುವುದು ಲೇಸು. ಯಾರ ತಲೆಯ ಮೇಲೂ, ಯಾರ ಕಡೆಗೂ ಯಂತ್ರವನ್ನು ಒಯ್ಯಬಾರದು.

4. ಮನೆಯ ಹಿರಿಯರೊಬ್ಬರು ಯಂತ್ರವನ್ನು ನೋಡದೆ ಮಕ್ಕಳನ್ನೇ ನೋಡುತ್ತಿರಬೇಕು. ಗೆರೆ ದಾಟುವ ಮಗುವನ್ನು ಹಿಡಿಯುವುದಷ್ಟೇ ಅವರ ಕೆಲಸ. ಅವರು "ಇಳಿಸು" ಎಂದೊಡನೆ ಹಾರಿಸುವವನು ಮರುಮಾತಿಲ್ಲದೆ ಇಳಿಸಬೇಕು.

5. ನೆಲಕ್ಕಿಳಿದ ಮೇಲೂ ರೆಕ್ಕೆಗಳು ಪೂರ್ತಿಯಾಗಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗಬಾರದು. ಮೋಟಾರು ನಿಂತರೂ ರೆಕ್ಕೆಯು ತನ್ನ ಓಟದಿಂದಲೇ ಕೆಲಕಾಲ ತಿರುಗುತ್ತಿರುತ್ತದೆ. ವೇಗವಾಗಿ ತಿರುಗುವ ಬಾಲದ ಪುಟ್ಟ ರೆಕ್ಕೆಯಂತೂ ಕಣ್ಣಿಗೇ ಕಾಣದು.

6. ಬೀಳುತ್ತಿರುವ ಯಂತ್ರವನ್ನು ಕೈಯೊಡ್ಡಿ ಹಿಡಿಯಲು ಯಾರೂ ಹೋಗಬಾರದು. ಸಾವಿರಾರು ರೂಪಾಯಿಯ ವಸ್ತುವೆಂಬ ಮರುಕವು ಆ ಗಳಿಗೆಯಲ್ಲಿ ಬೆರಳನ್ನೇ ಕೇಳೀತು.

ಉಡುಗೆಯ ವಿಷಯದಲ್ಲಿಯೂ ಒಂದು ಮಾತು. ಬಿಟ್ಟ ಕೂದಲು, ಇಳಿಬಿದ್ದ ಸೆರಗು, ವೇಲು, ಶಲ್ಯಗಳು ತಿರುಗುವ ಯಂತ್ರಕ್ಕೆ ಸಲ್ಲವು. ನಮ್ಮ ಮಕ್ಕಳು ಕೊರಳಲ್ಲಿ ಧರಿಸುವ ಶಿವದಾರವನ್ನು ಅಂಗಿಯೊಳಗೆ ಭದ್ರವಾಗಿ ಇರಿಸಿಕೊಂಡ ಬಳಿಕವೇ ಬಗ್ಗಿ ಯಂತ್ರವನ್ನು ಮುಟ್ಟಬೇಕು. ಹಾರಿಸುವವನೂ ಹತ್ತಿರದ ಸಹಾಯಕನೂ ಗಟ್ಟಿಯಾದ ರಕ್ಷಣಾ ಕನ್ನಡಕವನ್ನು ಧರಿಸುವುದು ಅವಶ್ಯ.

ಬ್ಯಾಟರಿಯೆಂಬ ಕೆಂಡ

ಯಂತ್ರವು ಕಪಾಟಿನಲ್ಲಿ ಮಲಗಿರುವಾಗಲೂ ಅದರ ಲಿಥಿಯಂ ಬ್ಯಾಟರಿಯು ಎಚ್ಚರವನ್ನು ಬೇಡುತ್ತದೆ. ಇದರ ಒಂದೊಂದು ಕೋಶವನ್ನೂ 4.2 ವೋಲ್ಟಿಗಿಂತ ಹೆಚ್ಚು ತುಂಬಿಸಬಾರದು; 3 ವೋಲ್ಟಿಗಿಂತ ಕೆಳಗೆ ಇಳಿಸಲೂಬಾರದು. ಮಿತಿ ಮೀರಿದರೆ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ. ಕಡೆಗೆ ಹೊತ್ತಿಕೊಂಡು ಉರಿಯುತ್ತದೆ. ಆದುದರಿಂದ ಆ ಬ್ಯಾಟರಿಗೆಂದೇ ಮಾಡಿದ ಚಾರ್ಜರನ್ನೇ ಬಳಸಬೇಕು. ಹಾಸಿಗೆ, ಸೋಫಾ, ದೇವರ ಮನೆಯ ಪಕ್ಕ, ಅಡುಗೆ ಅನಿಲದ ಸಿಲಿಂಡರಿನ ಬಳಿ ಇವೆಲ್ಲ ವರ್ಜ್ಯ. ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಎದುರಿಗೆ ಒಬ್ಬರು ಎಚ್ಚರವಾಗಿದ್ದಾಗಲೇ ತುಂಬಿಸಬೇಕು; ರಾತ್ರಿ ಹಚ್ಚಿಟ್ಟು ಮಲಗುವುದು ಸಲ್ಲದು. ಪಕ್ಕದಲ್ಲಿ ಒಂದು ಬಕೆಟ್ ಒಣಮರಳಿರಲಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಮತ್ತೆ ಬಳಸಬಾರದು, ಮನೆಯ ಕಸದೊಡನೆ ಗಾಡಿಗೆ ಹಾಕಲೂಬಾರದು. ಅದು ಕಸದ ಗಾಡಿಯಲ್ಲಿ ಹೊತ್ತಿಕೊಂಡರೆ ಸುಡುವುದು ನಮ್ಮ ಬೀದಿಯನ್ನು ಶುಚಿಯಾಗಿಡುವ ಪೌರಕಾರ್ಮಿಕರ ಕೈಯನ್ನು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಪ್ರತ್ಯೇಕವಾಗಿ ಒಪ್ಪಿಸುವುದು ನಮ್ಮ ಕರ್ತವ್ಯ.

ಪೆಟ್ಟು ಬಿದ್ದರೆ

ರೆಕ್ಕೆಯಿಂದ ಗಾಯವಾದರೆ ಶುಭ್ರವಾದ ಬಟ್ಟೆಯನ್ನಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ಅರಿಶಿನ, ಕಾಫಿಪುಡಿ ತುಂಬುವ ಹಳೆಯ ಪದ್ಧತಿ ಇಲ್ಲಿ ಬೇಡ. ಬೆರಳು ತುಂಡಾದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಜೊತೆಯಲ್ಲಿ ಕೊಂಡೊಯ್ಯಬೇಕು. ಬೆರಳಿಗೆ ಮಂಜುಗಡ್ಡೆಯು ನೇರವಾಗಿ ತಾಗಬಾರದು.

ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು. ಚೂರು ನೆಟ್ಟಿದ್ದರೆ ಕೀಳಬಾರದು, ನೀರು ಹಾಕಿ ತೊಳೆಯಬಾರದು, ಎಣ್ಣೆ, ಹಾಲು ಹನಿಸಬಾರದು. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲೆ ಕವಿದು ಹಿಡಿದು, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನಗರದ ಮಿಂಟೋ ಆಸ್ಪತ್ರೆಯು ತಲೆಮಾರುಗಳಿಂದ ಕಣ್ಣಿನ ಚಿಕಿತ್ಸೆಗೆ ಹೆಸರಾದುದು.

ಬೀಳಗಿಯಲ್ಲಿ ಹುಟ್ಟಿ, ಊರೂರಿನಲ್ಲಿ ಶಿಬಿರಗಳನ್ನು ನಡೆಸಿ, ಅಸಂಖ್ಯ ಬಡವರಿಗೆ ದೃಷ್ಟಿಯನ್ನು ಮರಳಿಸಿ, 2005ರಲ್ಲಿ ಲಿಂಗೈಕ್ಯರಾದ ಡಾ. ಎಂ. ಸಿ. ಮೋದಿಯವರ ಹೆಸರಿನ ಆಸ್ಪತ್ರೆಯೂ ರಸ್ತೆಯೂ ನಮ್ಮ ರಾಜಾಜಿನಗರದ ಕಡೆಯಲ್ಲಿಯೇ ಇವೆ. ಆ ರಸ್ತೆಯಲ್ಲಿ ಓಡಾಡುವ ನಮಗೆ ಕಣ್ಣಿನ ಬೆಲೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಪೊರೆ ಬಂದ ಕಣ್ಣಿಗೆ ವೈದ್ಯರು ಬೆಳಕನ್ನು ಮರಳಿ ಕೊಡಬಲ್ಲರು; ಒಡೆದುಹೋದ ಕಣ್ಣಿಗೆ ಎಂಥ ವೈದ್ಯರೂ ಕೊಡಲಾರರು.

ತಾಯಿತಂದೆಯರಲ್ಲಿ ಒಂದು ಬಿನ್ನಹ

ಚಿನ್ನಿದಾಂಡು ಆಡುವ ಕಾಲದಲ್ಲಿ ಚಿನ್ನಿ ಹಾರುವ ದಿಕ್ಕಿನಲ್ಲಿ ಚಿಕ್ಕ ಮಕ್ಕಳನ್ನು ನಿಲ್ಲಗೊಡುತ್ತಿರಲಿಲ್ಲ. ಆಟವನ್ನು ಯಾರೂ ನಿಲ್ಲಿಸಲಿಲ್ಲ. ನಿಲ್ಲುವ ಜಾಗವನ್ನು ಕಲಿಸಿದರು. ಇಂದಿನ ಆಟಕ್ಕೂ ಅದೇ ಮಾರ್ಗ. ಹದಿನಾಲ್ಕು ತುಂಬದ ಮಕ್ಕಳಿಗೆ ಹಗುರವಾದ ಆಟಿಕೆಯೇ ಸಾಕು. ಅದರಲ್ಲಿಯೇ ಗೆರೆ, ಕ್ರಮ, "ಇಳಿಸು" ಎಂಬ ಮಾತಿಗೆ ವಿಧೇಯತೆ ಇವೆಲ್ಲ ಅಭ್ಯಾಸವಾಗಲಿ. ಬಳಿಕ ದೊಡ್ಡ ಯಂತ್ರ ಬೇಕೆಂದಾಗ, ಬಲ್ಲವರ ಬಳಿ ಕಲಿತು, ಬಯಲಿಗೆ ಹೋಗಿ ಹಾರಿಸಲಿ.

ಮಗನಿಗೆ ಯಂತ್ರವನ್ನು ಕೊಡಿಸುವ ದಿನವೇ ಸುಣ್ಣದ ಉಂಡೆಯನ್ನೂ ಕನ್ನಡಕವನ್ನೂ ಜೊತೆಗೆ ಕೊಡಿಸಿರಿ. ಮೊದಲ ಗೆರೆಯನ್ನು ತಂದೆಯೇ ಎಳೆಯಲಿ. ಅದರ ಆಚೆ ಮನೆಮಂದಿಯೆಲ್ಲ ಕುಳಿತು ಕಣ್ತುಂಬ ನೋಡಿ ಸಂತೋಷಪಡಲಿ.