ಸುಸ್ತಿಯ ನಂತರ ಸಾಲದ ಅರ್ಹತೆಯನ್ನು ಮರಳಿ ಪಡೆಯುವುದು: ಠೇವಣಿ ಆಧಾರಿತ ಕ್ರೆಡಿಟ್ ಕಾರ್ಡ್ ಕುರಿತು ಗ್ರಾಹಕರಿಗೆ ಮಾಹಿತಿ

ಹಿಂದೆ ಪಡೆದ ಸಾಲವನ್ನಾಗಲಿ ಕ್ರೆಡಿಟ್ ಕಾರ್ಡಿನ ಬಾಕಿಯನ್ನಾಗಲಿ ಸಕಾಲದಲ್ಲಿ ಪಾವತಿಸಲಾಗದೆ ಸುಸ್ತಿದಾರರಾದವರು ಹಲವು ವರ್ಷಗಳ ನಂತರ ಗೃಹ ಸಾಲಕ್ಕೆ ಅಥವಾ ಮಕ್ಕಳ ಶಿಕ್ಷಣ ಸಾಲಕ್ಕೆ ಅರ್ಜಿ ಸಲ್ಲಿಸಿದಾಗ, ಆ ಅರ್ಜಿಯು ಹಳೆಯ ಬಾಕಿಯ ಕಾರಣದಿಂದ ತಿರಸ್ಕೃತವಾಗುವುದುಂಟು. ಅಷ್ಟು ಹೊತ್ತಿಗೆ ಅರ್ಜಿದಾರರು ಆ ಬಾಕಿಯನ್ನು ಮರೆತಿರುತ್ತಾರೆ. ದಾಖಲೆಯಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಹೊಸದೊಂದು ಕಾರ್ಡ್ ಪಡೆದು ಶಿಸ್ತಿನಿಂದ ಬಳಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆ ಇಂತಹವರಿಗೆ ಧಾರಾಳವಾಗಿ ದೊರೆಯುತ್ತದೆ. ಈ ಸಲಹೆ ತಪ್ಪಲ್ಲ, ಆದರೆ ಅಪೂರ್ಣ. ಹಳೆಯ ಖಾತೆಯನ್ನು ಇತ್ಯರ್ಥಪಡಿಸಿಕೊಳ್ಳದೆ ಪಡೆದ ಹೊಸ ಕಾರ್ಡ್ ಹೆಚ್ಚಿನ ಪ್ರಯೋಜನ ನೀಡುವುದಿಲ್ಲ. ಅಜಾಗರೂಕತೆಯಿಂದ ಬಳಸಿದಲ್ಲಿ ಅದೇ ಎರಡನೆಯ ಸುಸ್ತಿಗೆ ದಾರಿಯಾಗುತ್ತದೆ.

ಸಾಲದ ವರದಿ

ಭಾರತದಲ್ಲಿ ವ್ಯಕ್ತಿಗಳ ಸಾಲ ಮತ್ತು ಮರುಪಾವತಿಯ ವಿವರಗಳನ್ನು ಸಾಲ ಮಾಹಿತಿ ಕಂಪನಿಗಳು ಸಂಗ್ರಹಿಸುತ್ತವೆ. ಇವು 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಅಧಿನಿಯಮಕ್ಕೆ ಒಳಪಟ್ಟು, ಭಾರತೀಯ ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ಕಾರ್ಯನಿರ್ವಹಿಸುತ್ತವೆ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಮೊದಲನೆಯದಾದ್ದರಿಂದ ಜನರ ಮಾತಿನಲ್ಲಿ ಎಲ್ಲ ಸ್ಕೋರುಗಳೂ ‘ಸಿಬಿಲ್ ಸ್ಕೋರ್’ ಆಗಿವೆ. ವಾಸ್ತವವಾಗಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ಬ್ಯಾಂಕುಗಳು ಈ ನಾಲ್ಕಕ್ಕೂ ಸದಸ್ಯರಾಗಿರಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲಿ ಆದೇಶಿಸಿತು.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಗ್ರಾಹಕರು ಗಮನಿಸಬೇಕಾದುದು ಈ ಅಂಕಿಗಿಂತ ಮಿಗಿಲಾಗಿ ಅದರ ಕೆಳಗಿರುವ ವಿವರಗಳನ್ನು. ಪ್ರತಿಯೊಂದು ಖಾತೆಗೂ 36 ತಿಂಗಳವರೆಗಿನ ಪಾವತಿಯ ವಿವರವು ಸಣ್ಣ ಚೌಕಗಳಲ್ಲಿ ನಮೂದಾಗಿರುತ್ತದೆ; ಪಾವತಿ ಎಷ್ಟು ದಿನ ತಡವಾಯಿತೆಂಬುದನ್ನು ಅಲ್ಲಿ ತಿಂಗಳುವಾರು ಕಾಣಬಹುದು. ಪ್ರತಿ ಕಂಪನಿಯೂ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ತಮ್ಮ ವರದಿಯನ್ನು ತಾವೇ ಪಡೆದು ನೋಡಿದರೆ ಸ್ಕೋರ್ ಇಳಿಯುತ್ತದೆಂಬ ಭಯ ಆಧಾರರಹಿತವಾದುದು.

ಮೊದಲು ಹಳೆಯ ಬಾಕಿ

ಉದಾಹರಣೆಗೆ, ಹುಬ್ಬಳ್ಳಿಯಲ್ಲಿ ಹೊಲಿಗೆ ಅಂಗಡಿ ನಡೆಸುವ ಒಬ್ಬ ಗ್ರಾಹಕರನ್ನು ಕಲ್ಪಿಸಿಕೊಳ್ಳಬಹುದು. 2020ರ ಲಾಕ್‌ಡೌನ್ ಅವಧಿಯಲ್ಲಿ ಅಂಗಡಿ ಮುಚ್ಚಿ, ಕ್ರೆಡಿಟ್ ಕಾರ್ಡಿನಲ್ಲಿ 48,000 ರೂಪಾಯಿ ಬಾಕಿ ಉಳಿಯಿತು. 2022ರಲ್ಲಿ ಬ್ಯಾಂಕ್ 26,000 ರೂಪಾಯಿಗೆ ರಾಜಿ ಮಾಡಿಕೊಂಡಿತು. ವಸೂಲಾತಿಯ ಕರೆಗಳು ನಿಂತವು. ಪ್ರಕರಣ ಮುಗಿಯಿತೆಂದು ಗ್ರಾಹಕರು ಭಾವಿಸಿದರು. ಮಗಳಿಗೆ ಎಂಜಿನಿಯರಿಂಗ್ ಸೀಟು ದೊರೆತು, ಶಿಕ್ಷಣ ಸಾಲದ ಅರ್ಜಿಗೆ ಸಹ-ಸಾಲಗಾರರಾಗಿ ಸಹಿ ಮಾಡಿದಾಗ, ಖಾತೆಯ ಎದುರು ‘ಸೆಟಲ್ಡ್’ ಎಂಬ ನಮೂದು ಇರುವುದು ತಿಳಿಯಿತು.

‘ಸೆಟಲ್ಡ್’ ಎಂದರೆ ತೀರಿತು ಎಂದರ್ಥವಲ್ಲ. ಸಾಲಗಾರರು ಪೂರ್ಣ ಮೊತ್ತ ಪಾವತಿಸಲಿಲ್ಲ, ಉಳಿದುದನ್ನು ಬ್ಯಾಂಕ್ ಬಿಟ್ಟುಕೊಟ್ಟಿತು ಎಂದು ಅದರ ಅರ್ಥ. ಪೂರ್ಣವಾಗಿ ತೀರಿದ ಖಾತೆ ‘ಕ್ಲೋಸ್ಡ್’ ಎಂದು ದಾಖಲಾಗುತ್ತದೆ. ಸಾಲ ಮಾಹಿತಿ ಕಂಪನಿಗಳು ವಿವರಗಳನ್ನು ಕನಿಷ್ಠ ಏಳು ವರ್ಷ ಉಳಿಸಿಕೊಳ್ಳಬೇಕಾಗಿರುವುದರಿಂದ ಇಂತಹ ನಮೂದು ತಾನಾಗಿಯೇ ಬೇಗ ಮಾಯವಾಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ, ಬಿಟ್ಟುಕೊಟ್ಟ 22,000 ರೂಪಾಯಿಯನ್ನು ಈಗ ಪಾವತಿಸಿದಲ್ಲಿ ಖಾತೆಯ ಸ್ಥಿತಿಯನ್ನು ಬದಲಿಸಲಾಗುವುದೇ ಎಂದು ಬ್ಯಾಂಕನ್ನು ಲಿಖಿತವಾಗಿ ವಿಚಾರಿಸುವುದು ಮೊದಲ ಹೆಜ್ಜೆ. ಉತ್ತರವೂ ಲಿಖಿತವಾಗಿಯೇ ಬಂದ ಮೇಲೆ ಹಣ ಪಾವತಿಸಿ, ಬಾಕಿ ಇಲ್ಲವೆಂಬ ಪತ್ರವನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ದೂರವಾಣಿಯಲ್ಲಿ ವಸೂಲಾತಿ ಪ್ರತಿನಿಧಿಗಳು ನೀಡುವ ಭರವಸೆಯನ್ನು ಮುಂದೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಣ ಪಡೆದು ಹಳೆಯ ಸುಸ್ತಿಯ ದಾಖಲೆಯನ್ನು ಅಳಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳಿದ್ದಾರೆ. ತಪ್ಪಾದ ವಿವರವನ್ನು ತಿದ್ದಿಸಲು ಗ್ರಾಹಕರು ತಾವೇ ಉಚಿತವಾಗಿ ಅರ್ಜಿ ಸಲ್ಲಿಸಬಹುದು. ಸರಿಯಾದ ವಿವರವನ್ನು ಅಳಿಸಲು ಯಾವ ಮಧ್ಯವರ್ತಿಗೂ ಅಧಿಕಾರವಿಲ್ಲ.

ಠೇವಣಿ ಆಧಾರಿತ ಕಾರ್ಡ್

ಸ್ಕೋರ್ ಕುಸಿದವರಿಗೆ ಸಾಮಾನ್ಯ ಕಾರ್ಡ್ ದೊರೆಯುವುದು ಕಷ್ಟ. ನಾಲ್ಕಾರು ಬ್ಯಾಂಕುಗಳಲ್ಲಿ ಒಟ್ಟಿಗೆ ಅರ್ಜಿ ಹಾಕುವುದರಿಂದ ಪ್ರತಿಯೊಂದು ಬ್ಯಾಂಕಿನ ವಿಚಾರಣೆಯೂ ವರದಿಯಲ್ಲಿ ನಮೂದಾಗಿ ಪರಿಸ್ಥಿತಿ ಇನ್ನಷ್ಟು ಹದಗೆಡುತ್ತದೆ. ಇದಕ್ಕೆ ಬದಲಾಗಿ, ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇರಿಸಿ ಅದರ ಆಧಾರದ ಮೇಲೆ ಕಾರ್ಡ್ ಪಡೆಯಬಹುದು. ಮಿತಿಯು ಠೇವಣಿಯ ಇಂತಿಷ್ಟು ಭಾಗವೆಂದು ನಿಗದಿಯಾಗುತ್ತದೆ; ಆ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಶೇಕಡ 80 ಎಂದಿಟ್ಟುಕೊಂಡರೆ 25,000 ರೂಪಾಯಿ ಠೇವಣಿಗೆ 20,000 ರೂಪಾಯಿ ಮಿತಿಯ ಕಾರ್ಡ್ ಬರುತ್ತದೆ. ಠೇವಣಿಗೆ ಬಡ್ಡಿ ಎಂದಿನಂತೆ ಸಂದಾಯವಾಗುತ್ತದೆ, ಆದರೆ ಕಾರ್ಡ್ ಚಾಲ್ತಿಯಲ್ಲಿರುವವರೆಗೆ ಆ ಹಣವನ್ನು ಹಿಂಪಡೆಯುವಂತಿಲ್ಲ. ಆದ್ದರಿಂದ ಆಸ್ಪತ್ರೆ ಖರ್ಚಿಗೆಂದು ಇರಿಸಿಕೊಂಡ ಏಕೈಕ ಉಳಿತಾಯವನ್ನು ಇದಕ್ಕೆ ತೊಡಗಿಸುವುದು ಸೂಕ್ತವಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಠೇವಣಿ ಇರುವುದರಿಂದ ಪಾವತಿ ತಪ್ಪಿದರೂ ತೊಂದರೆಯಿಲ್ಲ, ಬ್ಯಾಂಕ್ ಅದರಿಂದಲೇ ವಸೂಲು ಮಾಡಿಕೊಳ್ಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಬ್ಯಾಂಕಿನ ಮಟ್ಟಿಗೆ ಇದು ನಿಜ. ಗ್ರಾಹಕರ ಮಟ್ಟಿಗೆ, ಠೇವಣಿಯೂ ಹೋಗಿ ತಡವಾದ ಪಾವತಿಯೂ ವರದಿಯಲ್ಲಿ ದಾಖಲಾಗುತ್ತದೆ. ಡೆಬಿಟ್ ಕಾರ್ಡ್ ಹಾಗೂ ಪ್ರೀಪೇಯ್ಡ್ ಕಾರ್ಡುಗಳಲ್ಲಿ ಸಾಲವೇ ಇಲ್ಲದಿರುವುದರಿಂದ ಅವುಗಳ ಬಳಕೆಯಿಂದ ಸ್ಕೋರಿಗೆ ಯಾವ ಸಹಾಯವೂ ಆಗದು.

ಬಳಸುವ ಕ್ರಮ

ಸ್ಕೋರ್ ಏರುವುದು ಹೆಚ್ಚು ಖರ್ಚು ಮಾಡುವುದರಿಂದಲ್ಲ. ಮಾಡಿದ ಖರ್ಚನ್ನು ದಿನಾಂಕದೊಳಗೆ ಪೂರ್ಣವಾಗಿ ತೀರಿಸುವುದರಿಂದ. ಮೇಲಿನ ಉದಾಹರಣೆಯ ಗ್ರಾಹಕರು ವಿದ್ಯುತ್ ಬಿಲ್ಲು, ಅಡುಗೆ ಅನಿಲ ಮತ್ತು ಮೊಬೈಲ್ ಶುಲ್ಕಕ್ಕೆ ಮಾತ್ರ ಕಾರ್ಡನ್ನು ಮೀಸಲಿಟ್ಟರೆ ಸಾಕು. ಇವು ಹೇಗೂ ಆಗುವ ಖರ್ಚುಗಳು, ಅವುಗಳ ಹಣವೂ ಕೈಯಲ್ಲಿರುತ್ತದೆ. ಬಳಕೆಯು ಮಿತಿಯ ಶೇಕಡ 30ನ್ನು, ಅಂದರೆ 20,000ಕ್ಕೆ 6,000 ರೂಪಾಯಿಯನ್ನು, ಮೀರದಿರುವುದು ಒಳ್ಳೆಯದೆಂಬುದು ರೂಢಿಯಲ್ಲಿರುವ ಅಳತೆ. ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಲು ಅವಕಾಶ ದೊರೆತ ಮೇಲೆ, ಚಹಾ ಅಂಗಡಿಯ ಕ್ಯೂಆರ್ ಕೋಡಿನವರೆಗೂ ಸಾಲದ ಹಣ ತಲುಪುತ್ತಿದೆ. ಹತ್ತು ಇಪ್ಪತ್ತು ರೂಪಾಯಿಯ ಈ ಪಾವತಿಗಳು ತಿಂಗಳ ಕೊನೆಗೆ ಎಷ್ಟಾದವೆಂಬುದು ಬಿಲ್ಲು ಬರುವವರೆಗೆ ತಿಳಿಯುವುದಿಲ್ಲ.

ಬಿಲ್ಲಿನಲ್ಲಿ ಪಾವತಿಸಬೇಕಾದ ‘ಒಟ್ಟು ಮೊತ್ತ’ ಮತ್ತು ‘ಕನಿಷ್ಠ ಮೊತ್ತ’ ಎಂಬ ಎರಡು ಅಂಕಿಗಳಿರುತ್ತವೆ. ಕನಿಷ್ಠ ಮೊತ್ತ ಪಾವತಿಸಿದವರು ಸುಸ್ತಿದಾರರಾಗುವುದಿಲ್ಲ ಎಂಬುದಷ್ಟೇ ಅದರ ಉಪಯೋಗ. ಉಳಿದ ಬಾಕಿಗೆ ತಿಂಗಳಿಗೆ ಶೇಕಡ 3.5ರಂತೆ ಬಡ್ಡಿಯೆಂದು ಲೆಕ್ಕ ಹಾಕಿದರೆ, 20,000 ರೂಪಾಯಿ ಬಾಕಿಗೆ ಒಂದು ತಿಂಗಳ ಬಡ್ಡಿ 700 ರೂಪಾಯಿ; ಆ ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿ 126 ರೂಪಾಯಿ. 1,000 ರೂಪಾಯಿ ಪಾವತಿಸಿದವರ ಅಸಲು ಕೇವಲ 174 ರೂಪಾಯಿ ಇಳಿಯುತ್ತದೆ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗಳ ಮೇಲಿನ ಬಡ್ಡಿರಹಿತ ಅವಧಿಯೂ ತಪ್ಪಿಹೋಗುತ್ತದೆ. ಶೇಕಡ 30ಕ್ಕಿಂತ ಹೆಚ್ಚಿನ ವಾರ್ಷಿಕ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ವಿವಾದಗಳ ಪರಿಹಾರ ಆಯೋಗವು 2008ರಲ್ಲಿ ನೀಡಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಆದ್ದರಿಂದ ಆ ಮಿತಿಯ ರಕ್ಷಣೆಯನ್ನು ಗ್ರಾಹಕರು ನೆಚ್ಚಿಕೊಳ್ಳುವಂತಿಲ್ಲ.

ಉಳಿತಾಯ ಖಾತೆಯಿಂದ ಬಿಲ್ಲು ತಾನಾಗಿ ಕಡಿತವಾಗುವಂತೆ ಸೂಚನೆ ನೀಡುವವರು ಆ ನಮೂನೆಯಲ್ಲಿ ‘ಒಟ್ಟು ಮೊತ್ತ’ ಎಂಬುದನ್ನೇ ಗುರುತಿಸಿರುವರೇ ಎಂದು ಮತ್ತೊಮ್ಮೆ ನೋಡುವುದು ಅಗತ್ಯ. ಪಾವತಿ ಮೂರು ದಿನಕ್ಕಿಂತ ಹೆಚ್ಚು ತಡವಾದಾಗ ಮಾತ್ರ ಖಾತೆಯನ್ನು ಬಾಕಿಯೆಂದು ವರದಿ ಮಾಡಿ ವಿಳಂಬ ಶುಲ್ಕ ವಿಧಿಸಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಆದರೆ ನಾಲ್ಕನೆಯ ದಿನವಾದೊಡನೆ ಲೆಕ್ಕವು ಮೂಲ ದಿನಾಂಕದಿಂದಲೇ ಆರಂಭವಾಗುತ್ತದೆ.

ಕಾರ್ಡಿನಿಂದ ಎಟಿಎಂನಲ್ಲಿ ನಗದು ಪಡೆಯಬಾರದು; ಅದಕ್ಕೆ ಮೊದಲ ದಿನದಿಂದಲೇ ಬಡ್ಡಿಯಿದೆ, ಶುಲ್ಕ ಬೇರೆ. ಬಳಸದೆ ಪೆಟ್ಟಿಗೆಯಲ್ಲಿಟ್ಟ ಕಾರ್ಡಿಗೂ ವಾರ್ಷಿಕ ಶುಲ್ಕ ಬೀಳಬಹುದು. ಕೆಲವು ನೂರು ರೂಪಾಯಿಯ ಆ ಬಿಲ್ಲನ್ನು ಗಮನಿಸದೆ ಸುಸ್ತಿದಾರರಾಗುವವರೂ ಇದ್ದಾರೆ. ಬೇಡವಾದ ಕಾರ್ಡನ್ನು ಬಾಕಿ ತೀರಿಸಿ ಲಿಖಿತ ಕೋರಿಕೆಯ ಮೂಲಕ ಮುಚ್ಚಿಸುವುದು ಸೂಕ್ತ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದಲ್ಲಿ ನಂತರದ ಪ್ರತಿ ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕರಿಗೆ ನೀಡಬೇಕೆಂದು ಅದೇ ನಿರ್ದೇಶನದಲ್ಲಿದೆ.

ಆರು ತಿಂಗಳ ಕ್ರಮಬದ್ಧ ಪಾವತಿಯ ನಂತರ ಸ್ಕೋರಿನಲ್ಲಿ ಚಲನೆ ಕಾಣಬಹುದು. ಆದರೆ ಸಾಲ ಮಂಜೂರು ಮಾಡುವ ಅಧಿಕಾರಿ ನೋಡುವುದು ವರದಿಯ ಚೌಕಗಳನ್ನು; ಒಂದೆರಡು ವರ್ಷಗಳ ಚೌಕಗಳು ತಡವಿಲ್ಲದೆ ತುಂಬಿರುವುದಕ್ಕೆ ಇರುವ ಬೆಲೆ ಆರು ತಿಂಗಳಿಗೆ ಇರುವುದಿಲ್ಲ. ಮಗಳ ಕಾಲೇಜು ಪ್ರವೇಶಕ್ಕೆ ಎರಡು ತಿಂಗಳಿರುವಾಗ ಪಡೆದ ಕಾರ್ಡ್ ಆ ವರ್ಷದ ಅರ್ಜಿಗೆ ಒದಗುವುದಿಲ್ಲವೆಂಬುದನ್ನು ತಿಳಿದಿರಬೇಕು. ಅಂತಹ ಸಂದರ್ಭದಲ್ಲಿ ಉತ್ತಮ ದಾಖಲೆಯುಳ್ಳ ತಾಯಿ ಅಥವಾ ಬೇರೆ ಪೋಷಕರು ಸಹ-ಸಾಲಗಾರರಾಗಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬಹುದು.

ದೂರು ಸಲ್ಲಿಕೆ

ತೀರಿಸಿದ ಸಾಲ ಬಾಕಿಯೆಂದು ಕಾಣುತ್ತಿದ್ದರೆ ಅಥವಾ ಪಡೆಯದ ಸಾಲ ತಮ್ಮ ಹೆಸರಿನಲ್ಲಿದ್ದರೆ, ಪಾವತಿಯ ದಾಖಲೆಗಳೊಂದಿಗೆ ಸಂಬಂಧಪಟ್ಟ ಬ್ಯಾಂಕಿಗೆ ಅಥವಾ ಸಾಲ ಮಾಹಿತಿ ಕಂಪನಿಗೆ ದೂರು ನೀಡತಕ್ಕದ್ದು. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದಲ್ಲಿ, ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡುವ ವ್ಯವಸ್ಥೆ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಉತ್ತರ ಬಾರದಿದ್ದರೆ ಅಥವಾ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಮನವಿ ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಬ್ಯಾಂಕಿಗೆ ಮೊದಲು ನೀಡಿದ ದೂರಿನ ಪ್ರತಿ ಮತ್ತು ದಿನಾಂಕವನ್ನು ಮನವಿಯೊಂದಿಗೆ ಒದಗಿಸಬೇಕು.