ಹದಿನೇಳು ಗಂಟೆಯ ಹಾದಿ

ಈಚಿನ ಒಂದು ಜನವರಿಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಬ್ರೂಕ್‌ಫೀಲ್ಡಿನ ನಮ್ಮ ಕುಟುಂಬವೊಂದರ ವೃದ್ಧ ಮಾತೆ ದೈವಾಧೀನರಾದರು. ಹಿರಿಯ ಮಗನಿರುವುದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ನಾವು ಹೋಗುವಷ್ಟರಲ್ಲಿ ಬಂಧುಗಳು ಲೆಕ್ಕ ಮುಗಿಸಿದ್ದರು. "ನೇರ ವಿಮಾನಕ್ಕೆ ಹದಿನೇಳು ಗಂಟೆ ಫಾದರ್, ರಾತ್ರಿ ಎರಡಕ್ಕೆ ಬಂದುಬಿಡ್ತಾನೆ. ನಾಳೆ ನಾಲ್ಕಕ್ಕೆ ಮಣ್ಣು ಮಾಡೋಣ."

ಆ ಹದಿನೇಳು ಗಂಟೆ ಸುಳ್ಳಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಸದೆ ತಂದರು. ದೂರ ಸುಮಾರು 14,000 ಕಿಲೋಮೀಟರ್. ಶಾಲೆಯ ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿದು ಹಿಡಿಯಿರಿ. ಅದು ಪೂರ್ವಕ್ಕೂ ಹೋಗದು, ಪಶ್ಚಿಮಕ್ಕೂ ಹೋಗದು, ಉತ್ತರ ಧ್ರುವದ ಬಳಿ ಹಾಯುತ್ತದೆ. ಅವರು ಬಂದದ್ದೂ ಧ್ರುವದ ಮೇಲಿನಿಂದಲೇ. ಶನಿವಾರ 9ರ ರಾತ್ರಿ ಹೊರಟವರು ಸೋಮವಾರ 11ರ ಬೆಳಗಿನ ಜಾವ ಇಳಿದರು. ನಡುವಿನ ಭಾನುವಾರ ಬಹುಪಾಲು ಆಕಾಶದಲ್ಲೇ ಕಳೆಯಿತು. ಆ ದಿನದ ಪೂಜೆಯ ಕರ್ತವ್ಯವೇನೆಂದು ಯಾರಾದರೂ ನಮ್ಮನ್ನು ಕೇಳದಿದ್ದುದು ಆಶ್ಚರ್ಯ!

ಸೆಮಿನರಿಯಲ್ಲಿ ಅರಿಸ್ಟಾಟಲನನ್ನು ಓದುವಾಗ, ಕಾಲವೆಂದರೆ ಚಲನೆಯ ಎಣಿಕೆ ಎಂದು ಬಾಯಿಪಾಠ ಮಾಡಿದ್ದೆವು. ಅಂದು ಶವಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಕಾಗದದ ಮೇಲೆ ಎಣಿಸಬೇಕಾಯಿತು. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ತಾಯಿ ತೀರಿಕೊಂಡಾಗ ಮಗನಿಗೆ ಶುಕ್ರವಾರ ಸಂಜೆ ಏಳೂವರೆ. ಅವರಿಗೆ ಸಿಕ್ಕಿದ ವಿಮಾನ ಅಲ್ಲಿಯ ಶನಿವಾರ ರಾತ್ರಿ ಎಂಟೂವರೆಯದು, ಎಂದರೆ ನಮ್ಮ ಭಾನುವಾರ ಬೆಳಿಗ್ಗೆ ಹತ್ತು. ಇಳಿಯುವುದು ಸೋಮವಾರ ನಸುಕಿನ ಮೂರರ ಮೇಲೆ. ಆಮೇಲೆ ಪಾಸ್‌ಪೋರ್ಟಿನ ಸಾಲು, ಸಾಮಾನು, ಬಳಿಕ ದೇವನಹಳ್ಳಿ ಕಡೆಯಿಂದ ಸುಮಾರು ನಲವತ್ತು ಕಿಲೋಮೀಟರ್. 2008ರ ಮೇ ತಿಂಗಳವರೆಗೆ ವಿಮಾನಗಳು ಹತ್ತಿರದ ಎಚ್‌ಎಎಲ್ ನಿಲ್ದಾಣಕ್ಕೇ ಬರುತ್ತಿದ್ದವು. ಆ ಅನುಕೂಲ ಈಗಿಲ್ಲ. ಮನೆ ಮುಟ್ಟುವಾಗ ಆರು ಗಂಟೆ. ಬಂಧುಗಳ ಹದಿನೇಳು ನಲವತ್ತೈದಾಯಿತು.

ದೂರದಲ್ಲಿ ಮಕ್ಕಳಿರುವ ಮನೆಯವರು ಎಷ್ಟು ಗಂಟೆಯ ಪ್ರಯಾಣವೆಂದು ಕೇಳದೆ, ನಮ್ಮ ಗಡಿಯಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಬಾಗಿಲು ತಟ್ಟುವರೆಂದು ಕೇಳುವುದೇ ಸರಿ.

ಹಿಂದಿನವರ ಸ್ಥಿತಿ ಇನ್ನೂ ಕಠಿಣವಾಗಿತ್ತು. 1541ರ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟ ಸಂತ ಫ್ರಾನ್ಸಿಸ್ ಝೇವಿಯರರು ಗೋವಾ ಸೇರಿದ್ದು 1542ರ ಮೇ ತಿಂಗಳಲ್ಲಿ. ಅವರನ್ನು ಯೂರೋಪಿಗೆ ಹಿಂದಿರುಗುವಂತೆ ಕರೆದು ಸಂತ ಇಗ್ನೇಷಿಯಸ್ 1553ರ ಜೂನ್‌ನಲ್ಲಿ ರೋಮಿನಿಂದ ಪತ್ರ ಬರೆದರು. ಝೇವಿಯರರು 1552ರ ಡಿಸೆಂಬರ್ 3ರಂದೇ ಚೀನಾದ ಕರಾವಳಿಯಲ್ಲಿ ಕಣ್ಣು ಮುಚ್ಚಿದ್ದರು.

ನಾಲ್ಕು ಗಂಟೆಯ ಸುದ್ದಿ ಆಗಲೇ ಊರೆಲ್ಲ ಹರಡಿತ್ತು. ಭಾನುವಾರದ ಮೂರು ಪೂಜೆಗಳಲ್ಲೂ ಅದನ್ನು ತಿದ್ದಿ ಹೇಳಿದೆವು. ಆದರೂ ಕೆಲವರು ಹೂಮಾಲೆ ಹಿಡಿದು ಬಂದು ಹಿಂದಿರುಗಿದರು. ಸೋಮವಾರ ಆರೂಕಾಲಕ್ಕೆ ಟ್ಯಾಕ್ಸಿ ಬಂದು ನಿಂತಿತು. ಮಗ ಒಳಹೋಗಿ ತಾಯಿಯ ಪಕ್ಕದಲ್ಲಿ ಕುಳಿತರು. ನಾವು ಬಾಗಿಲು ಮುಂದೆ ಮಾಡಿ ಹೊರಗೆ ಬಂದೆವು.